ಹಾಲಿನ ಜೊತೆ ನುಂಗಿದ ಮೂಳೆ ಮಾತ್ರೆ

ಮೂಳೆ ವಿಭಾಗದ ಮುಖ್ಯ ವೈದ್ಯಾಧಿಕಾರಿಗಳೇ,

ಮಾನ್ಯರೇ ಎಂದು ಆರಂಭಿಸಬೇಕಿತ್ತು. ಆದರೆ ಮಾನದ ಮಾತೆತ್ತಲು ಈ ವಾರ ನನಗೇ ನಾಚಿಕೆ. ದೂರು ಇಷ್ಟು: ನಿಮ್ಮ ವಿಭಾಗವು ನನ್ನ ದೊಡ್ಡಮ್ಮನಿಗೆ ಮೂಳೆ ಸವೆತಕ್ಕೆಂದು ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿತು, ಅದನ್ನು ನುಂಗುವ ಬಗೆ ಹೇಳಲಿಲ್ಲ. ನೀವು ಮಾತು ಉಳಿಸಿದ ಜಾಗಕ್ಕೆ ನಾನು ನುಗ್ಗಿದೆ. ಈಗ ಅವಳ ಬೆನ್ನುಮೂಳೆಯ ಒಂದು ಮಣಿ ಕುಸಿದಿದೆ.

ನನ್ನನ್ನು ಸಾಕಿದ ದೊಡ್ಡಮ್ಮನಿಗೆ ಅರವತ್ತೆಂಟು. ನಲವತ್ತು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಚಿ, ಪುಸ್ತಕ ಹೊಲಿದವಳು. ಅವಳ ಮೇಜಿನಡಿ ಬಿದ್ದ ರದ್ದಿ ಹಾಳೆಗಳೇ ನನ್ನ ವಿದ್ಯಾಲಯ. ಅವಳು ನಿಮ್ಮಲ್ಲಿಗೆ ಬಂದ ದಿನ ನಾನೂ ಜೊತೆಗಿದ್ದೆ. ನಿಮ್ಮ ವೈದ್ಯರು ಸ್ಕ್ಯಾನ್ ವರದಿ ನೋಡಿ, "ಮೂಳೆ ಟೊಳ್ಳಾಗಿದೆ. ಭಾನುವಾರಕ್ಕೊಂದು ತಗೊಳ್ಳಿ. ನೆಕ್ಸ್ಟ್" ಎಂದರು. "ಊಟಕ್ಕೆ ಮುಂಚೆನೋ ಆಮೇಲೋ, ಡಾಕ್ಟ್ರೇ?" ಎಂದು ಇವಳು ಬಾಯಿ ತೆರೆಯುವಷ್ಟರಲ್ಲಿ 'ನೆಕ್ಸ್ಟ್' ಬಂದು ಇವಳ ಕುರ್ಚಿಯ ಅಂಚಿನಲ್ಲಿ ಕೂತಾಗಿತ್ತು. ಪೆಟ್ಟಿಗೆಯೊಳಗೆ ಒಂದು ಕಾಗದವಿತ್ತು, ನಿಜ. ಜೀವಮಾನವೆಲ್ಲ ಅಕ್ಷರಗಳ ನಡುವೆ ಕಳೆದವಳು ಅದನ್ನು ಕಿಟಕಿಗೆ ಹಿಡಿದು, "ಇದನ್ನ ಇರುವೆಗಳಿಗೆ ಅಂತ ಅಚ್ಚು ಹಾಕಿದ್ದಾರೇನೋ" ಎಂದು ಮಡಚಿಟ್ಟಳು.

ಮೂಳೆಗೆ ಹಾಲು ಒಳ್ಳೆಯದು, ಮಾತ್ರೆಯೂ ಒಳ್ಳೆಯದು. ಹಾಗಾದರೆ ಎರಡೂ ಕೂಡಿದರೆ ಇನ್ನೂ ಒಳ್ಳೆಯದಲ್ಲವೇ? ಅವಳ ಲೆಕ್ಕದಲ್ಲಿ ತಪ್ಪೆಲ್ಲಿದೆ, ಹೇಳಿ! ಪ್ರತಿ ಭಾನುವಾರ ಒಂದು ಲೋಟ ಹಾಲಿನ ಜೊತೆ ಮಾತ್ರೆ ನುಂಗಿ, ಮತ್ತೆ ಸ್ವಲ್ಪ ಹೊತ್ತು ಮಲಗುತ್ತಿದ್ದಳು. ಮೂರನೆಯ ವಾರಕ್ಕೆ ಎದೆಯಲ್ಲಿ ಬೆಂಕಿ. ನಾನು ಇದಕ್ಕೇ ಕಾದಿದ್ದವನಂತೆ ಎದ್ದು ನಿಂತೆ.

"ನೋಡಿದ್ಯಾ ದೊಡ್ಡಮ್ಮ? ಇದು ವಿಷ. ನಿನ್ನ ದೇಹವೇ ಬೇಡ ಅಂತಿದೆ."

"ಡಾಕ್ಟ್ರು ಓದಿದವರಲ್ವೇನೋ?"

"ನಾನೂ ಓದಿದ್ದೀನಿ."

"ಹೂಂ ಕಣಪ್ಪ, ನಾನು ಎಸೆದ ಹಾಳೆಗಳನ್ನೆಲ್ಲ ಓದಿದ್ದೀಯ" ಎಂದು ನಕ್ಕಳು. ನಕ್ಕರೂ ಮಾತ್ರೆ ಬಿಟ್ಟಳು.

ನಾನು ಅಷ್ಟಕ್ಕೆ ಸುಮ್ಮನಾಗಲಿಲ್ಲ. 'ಮಾತ್ರೆ ಬಿಡಿ, ಬಿಸಿಲು ಹಿಡಿಯಿರಿ' ಎಂಬ ಕರಪತ್ರ ಬರೆದು ಮುನ್ನೂರು ಪ್ರತಿ ಅಚ್ಚು ಹಾಕಿಸಿ ಮನೆ ಮನೆಗೆ ಹಂಚಿದೆ. ಮಡಚಿಕೊಟ್ಟವಳು ಅವಳೇ. ಏಳು ತಿಂಗಳು ನಡಿಗೆ, ಸೊಪ್ಪು, ಎಳೆಬಿಸಿಲು ಎಲ್ಲವನ್ನೂ ಶ್ರದ್ಧೆಯಿಂದ ಪಾಲಿಸಿದಳು. ಕಳೆದ ತಿಂಗಳು ನನಗೆ ಎತ್ತಿಕೊಡಲೆಂದು ಬಗ್ಗಿ, ಉಳಿದ ಕರಪತ್ರಗಳ ಕಟ್ಟಿಗೆ ಕೈಹಾಕಿದಳು. ಬೀಳಲಿಲ್ಲ, ಜಾರಲಿಲ್ಲ. "ಒಳಗೇನೋ ಕಟಕ್ ಅಂತು ಕಣೋ" ಎಂದು ಗೋಡೆ ಹಿಡಿದು ನಿಂತಳು.

ಮಾತ್ರೆ ತೆಗೆದುಕೊಂಡಿದ್ದರೂ ಮುರಿಯಬಹುದಿತ್ತು, ಮುರಿಯುವ ಸಂಭವವನ್ನು ಅದು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ ಎಂದು ನಿಮ್ಮ ಕಿರಿಯ ವೈದ್ಯರೊಬ್ಬರು ಸಮಾಧಾನ ಹೇಳಿದರು. ಆ 'ಬಹುದಿತ್ತು'ವಿನ ಹಿಂದೆ ಅಡಗಲು ನೋಡಿದೆ. ಅದು ನನ್ನನ್ನು ಮುಚ್ಚುವಷ್ಟು ದೊಡ್ಡದಲ್ಲ.

ಬೆನ್ನಿಗೆ ಪಟ್ಟಿ ಬಿಗಿಯುತ್ತಿದ್ದ ನರ್ಸಮ್ಮ ಹಾಲಿನ ಕಥೆ ಕೇಳಿ ಹಣೆ ಚಚ್ಚಿಕೊಂಡರು. "ಹಾಲಲ್ಲಿ ತಗೊಂಡ್ರೆ ಅದು ಮೈಗೆ ಹತ್ತೋದೇ ಇಲ್ಲಮ್ಮ! ಬೆಳಿಗ್ಗೆ ಖಾಲಿ ಹೊಟ್ಟೇಲಿ, ಒಂದು ಲೋಟ ಬರೀ ನೀರು. ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂತಿರ್ಬೇಕು, ಮಲಗಿದ್ರೆ ಎದೆ ಉರಿಯುತ್ತೆ. ಬಿಸಿಲು, ನಡಿಗೆ, ಹಾಲು ಬೇಡ ಅಂದೋರ್ಯಾರು? ಹಾಲು ಆಮೇಲೆ ಕುಡೀರಿ. ಅದೂ ಬೇಕು, ಇದೂ ಬೇಕು."

ಅಷ್ಟು ಹೇಳಲು ಒಂದು ನಿಮಿಷ ಹಿಡಿಯಿತು. ಮಾತ್ರೆ ಬರೆದುಕೊಟ್ಟ ದಿನ ಆ ಒಂದು ನಿಮಿಷ ನಿಮ್ಮ ವಿಭಾಗದಲ್ಲಿ ಯಾವ ಬೀರುವಿನಲ್ಲಿ ಭದ್ರವಾಗಿತ್ತು? ನನ್ನನ್ನೂ ಕೇಳಿ: ಮುನ್ನೂರು ಪ್ರತಿ ಅಚ್ಚು ಹಾಕಿಸಲು ಪುರುಸೊತ್ತಿದ್ದವನಿಗೆ ಆ ಇರುವೆ ಅಕ್ಷರವನ್ನು ಭೂತಕನ್ನಡಿ ಹಿಡಿದು ಓದಲು ಏನು ಧಾಡಿಯಾಗಿತ್ತು? ನೀವು ಹೇಳದೆ ತಪ್ಪಿದಿರಿ, ನಾನು ತಿಳಿಯದೆ ಹೇಳಿ ತಪ್ಪಿದೆ. ನನ್ನದೇ ದೊಡ್ಡ ತಪ್ಪು. ನನ್ನನ್ನು ನಂಬಿದಷ್ಟು ಅವಳು ನಿಮ್ಮನ್ನು ನಂಬಿರಲಿಲ್ಲ.

ಈಗಿನ ಸಂಕಟ ಬೇರೆ. ಇನ್ನೊಂದು ಮಣಿ ಕುಸಿಯುವ ಮೊದಲು ಔಷಧಿ ಶುರುವಾಗಬೇಕಂತೆ, ಅವಳು ಒಲ್ಲೆ ಎನ್ನುತ್ತಾಳೆ. ನಾನು ಕಾಲು ಹಿಡಿದು ಬೇಡಿದೆ. "ನಿನ್ನ ಮಾತು ಕೇಳಿ ಬಿಟ್ಟೆ. ನಿನ್ನ ಮಾತು ಕೇಳಿ ಮತ್ತೆ ಶುರು ಮಾಡಲ್ಲ. ಡಾಕ್ಟ್ರು ನನ್ನ ಮುಖ ನೋಡಿ ಹೇಳ್ಲಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆದ್ದರಿಂದ ಬೇಡಿಕೆ. ಗುರುವಾರ ಅವಳು ನಿಮ್ಮ ಕೋಣೆಗೆ ಬರುತ್ತಾಳೆ. ಹತ್ತು ನಿಮಿಷ ಕೊಡಿ. ಮುಖ ನೋಡಿ ಮಾತಾಡಿ. ಲಾಭ ಹೇಳಿ, ಅಡ್ಡಪರಿಣಾಮಗಳನ್ನೂ ಮುಚ್ಚಿಡಬೇಡಿ, ಎಷ್ಟು ವರ್ಷ ಎಂದು ಹೇಳಿ, ಮಾತ್ರೆ ಒಗ್ಗದಿದ್ದರೆ ಬೇರೆ ದಾರಿ ಏನೆಂದು ಹೇಳಿ. ಆಮೇಲೆ ಬೇಕೋ ಬೇಡವೋ ಎಂಬುದನ್ನು ಅವಳಿಗೇ ಬಿಡಿ. ನಾನು ಬಾಗಿಲ ಹೊರಗೆ ಇರುತ್ತೇನೆ. ಔಷಧಿ ಕೊಡುವ ಕಿಟಕಿಯ ಪಕ್ಕ ಆ ನರ್ಸಮ್ಮನಂಥವರೊಬ್ಬರಿಗೆ ಒಂದು ಸ್ಟೂಲು ಹಾಕಿಸಿ.

ಇನ್ನೊಂದು ಮಾತು. ಮನೆ ಮನೆ ತಿರುಗಿ ಕರಪತ್ರಗಳನ್ನು ವಾಪಸ್ ಪಡೆಯುತ್ತಿದ್ದೇನೆ. ನಲವತ್ತು ಇನ್ನೂ ಸಿಕ್ಕಿಲ್ಲ. ಯಾರಾದರೂ ಅದನ್ನು ಹಿಡಿದುಕೊಂಡು ನಿಮ್ಮ ಬಳಿಗೆ ಬಂದರೆ, ದಯವಿಟ್ಟು ಅವರನ್ನು ಗದರಬೇಡಿ. ಗದರಬೇಕಾದವನ ವಿಳಾಸ ಆ ಕರಪತ್ರದ ಕೆಳಗೇ ಇದೆ.

ಇಂತಿ,
ಅರ್ಧ ಓದಿ ಪೂರ್ತಿ ಬರೆದವನು