ಎಡಗೈ ಎತ್ತಿದ ಹುಡುಗಿ

೩ ನವೆಂಬರ್ ೧೯೭೯, ಶನಿವಾರ

ಮುಂದಿನ ವಾರದ ಪ್ಲಾನ್ ಕೊಟ್ಟು ಬಂದೆ. ಸೋಮವಾರ ಅಂಬಿಗನ ಕಥೆ, ಗಟ್ಟಿಯಾಗಿ ಓದಿಸುವುದು. ಮಂಗಳವಾರ ಕಠಿಣ ಪದಗಳು. ಬುಧವಾರ ಪ್ರಶ್ನೆ... ಹೆಡ್‌ಮಾಸ್ಟರ್ ಜಿಯಾವುಲ್ಲಾ ಸಾಹೇಬರಿಗೆ ಶನಿವಾರದ ಕೊನೇ ಬೆಲ್ ಒಳಗೆ ಅದು ಟೇಬಲ್ ಮೇಲಿರಬೇಕು. ಮೇಲೆ ಸ್ಪೆಷಲ್ ಇಂಗ್ಲಿಷ್ ಕ್ಲಾಸಿನ ಮಕ್ಕಳ ಹೆಸರು, ಕೆಳಗೆ ದಿನವಾರು ಪಾಠ. ಸಹಿ ಬಿದ್ದ ಮೇಲೆ ಮುಗಿಯಿತು, ಭೂಕಂಪ ಆದರೂ ಬುಧವಾರ ಪ್ರಶ್ನೆಯನ್ನೇ ಕೇಳಬೇಕು.

ಕ್ಲಾಸಿನಲ್ಲಿ ಎಲ್ಲ ಫ್ಯಾಕ್ಟರಿ ಆಫೀಸರುಗಳ ಮಕ್ಕಳು. ಕ್ವಾರ್ಟರ್ಸಿನವರು. ಮನೆಯಲ್ಲೂ ಇಂಗ್ಲಿಷ್. ಒಬ್ಬಳು ಮಾತ್ರ ಅಬ್ಬಿಗೆರೆಯಿಂದ ಹೊಲದ ಬದು ತುಳಿದು ಬರುವವಳು — ಮುನಿಯಲ್ಲಮ್ಮ. ಒಂಬತ್ತನೇ ಕ್ಲಾಸು. ಅವಳನ್ನು ಹಟ ಮಾಡಿ ಸೇರಿಸಿದ್ದು ನಾನೇ. ಜೂನ್‌ನಲ್ಲಿ ಅವರಪ್ಪ ಚಿಕ್ಕಮುನಿಯಪ್ಪ ಬಂದು ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಈ ಸ್ಪೆಸಲ್ ಕ್ಲಾಸಲ್ಲಿ ಇರೋಗಂಟ ಓದ್ಲಿ ಮೇಷ್ಟ್ರೇ. ತಗದ್ರು ಅಂದ್ರೆ ನಾನೂ ಬಿಡಿಸ್ಬಿಡ್ತೀನಿ. ಬಾಗ್ಲೂರಲ್ಲಿ ಅವಳ ಸೋದರಮಾವ ಕಾಯ್ತಾ ಅವ್ನೆ."

೬ ನವೆಂಬರ್, ಮಂಗಳ

ಇನ್‌ಸ್ಪೆಕ್ಟರ್ ಬರುತ್ತಾರಂತೆ. ಹದಿನೈದಕ್ಕೆ. ನನ್ನ ಸ್ಪೆಷಲ್ ಕ್ಲಾಸಿಗೇ ಬಂದು ಕೂರುತ್ತಾರಂತೆ.

ಸಾಹೇಬರು ಕರೆದು ಬಾಗಿಲು ಹಾಕಿಸಿದರು. "ವೀರಬಸಪ್ಪನವರೇ, ನಿಮ್ಮ ಪರ್ಮನೆಂಟ್ ಫೈಲು ಕಮಿಟಿ ಮುಂದೆ ಇದೆ. ಇನ್‌ಸ್ಪೆಕ್ಷನ್ ಒಂದು ಚೆನ್ನಾಗಿ ಆಗ್ಬಿಡ್ಲಿ, ನಾನೇ ಮಾಡಿಸ್ತೀನಿ." ಒಳ್ಳೆಯ ಮನುಷ್ಯ. ಒಳ್ಳೆಯವರು ಹೇಳಿದಾಗಲೇ ಹೆಚ್ಚು ಹೆದರಿಕೆ ಆಗುತ್ತದೆ ನನಗೆ.

ಬೈಲಹೊಂಗಲ ಬಿಟ್ಟು ಬಂದಾಗಿನಿಂದ ಟೆಂಪರರಿ, ಟೆಂಪರರಿ... ಊರಿಗೆ ಹೋದರೆ ಮಾವನವರು ಕೇಳುವುದು ಅದೊಂದೇ. ಹೆಂಡತಿ ರತ್ನಾ ಬಾಯಿಬಿಟ್ಟು ಕೇಳುವುದಿಲ್ಲ. ಅದು ಇನ್ನೂ ಕಷ್ಟ.

೯ ನವೆಂಬರ್, ಶುಕ್ರ, ಸಂಜೆ

ರಿಹರ್ಸಲ್ ಶುರು. ಎಲ್ಲ ಕಡೆ ನಡೆಯುವುದೇ, ನಾನೇನೂ ಕಂಡುಹಿಡಿದಿದ್ದಲ್ಲ. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಲಗೈ ನೋಡಿ ನಾನು ಹೆಸರು ಕರೆಯುವುದು. ನೋಡಿದವರಿಗೆ ಇಡೀ ಕ್ಲಾಸೇ ಸರಸ್ವತಿಯ ಮನೆ. ಮಕ್ಕಳಿಗೆ ಇದೊಂದು ಆಟ. ಕಿಸಿಕಿಸಿ ನಕ್ಕವು.

ಅಂಬಿಗನ ಕಥೆಗೆ ಬಂದೆ. ಸೇತುವೆ ಆದ ಮೇಲೆ ದೋಣಿಗೆ ಯಾರೂ ಬರುವುದಿಲ್ಲ. ಆದರೂ ಅವನು ದಿನಾ ದಡದಲ್ಲಿ ಕೂರುತ್ತಾನೆ. ಯಾಕೆ? ಪ್ಲಾನ್‌ನಲ್ಲಿ ಬರೆದ ಉತ್ತರ: ಕರ್ತವ್ಯನಿಷ್ಠೆ. ಒಬ್ಬರಾದ ಮೇಲೆ ಒಬ್ಬರು ಅದನ್ನೇ ಒಪ್ಪಿಸಿದರು. ಹಿಂದಿನ ಬೆಂಚಿನಿಂದ ಮುನಿಯಲ್ಲಮ್ಮ ಎದ್ದಳು. ಅರ್ಧ ಇಂಗ್ಲಿಷ್, ಸಾಲದಿದ್ದ ಕಡೆ ಕನ್ನಡ.

"ನೋ ಸಾರ್. ಮನೆಗೆ ವಾಪಸ್ ಬಂದ್ರೆ ಅವ್ನು ಯಾರೂ ಅಲ್ಲ ಸಾರ್. ದೋಣಿ ಮ್ಯಾಗಿದ್ರೇನೆ ಅಂಬಿಗ."

ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ, ನನಗೆ ಹೊಳೆದಿರಲಿಲ್ಲ. ಕ್ವಾರ್ಟರ್ಸಿನ ಮಕ್ಕಳು ಗೊಳ್ಳೆಂದವು — ಅವಳ ಕನ್ನಡಕ್ಕೆ. ನಾನು ನಗುವವರನ್ನು ಗದರಬೇಕಿತ್ತು. "ಸಿಟ್ ಡೌನ್" ಅಂದೆ. ಅವಳಿಗೆ.

೧೪ ನವೆಂಬರ್, ಬುಧ

ಮಕ್ಕಳ ದಿನಾಚರಣೆ. ಪೆಪ್ಪರ್‌ಮಿಂಟ್ ಹಂಚಿದೆವು. ಅದೇ ಗದ್ದಲದಲ್ಲಿ ಅವಳನ್ನು ಪಕ್ಕಕ್ಕೆ ಕರೆದೆ.

"ನೋಡಮ್ಮ, ನಾಳೆ ನೀನು ಎಲ್ಲಾ ಪ್ರಶ್ನೆಗೂ ಎಡಗೈ ಎತ್ತು."

"ನಂಗೆ ಬರ್ತದೆ ಸಾರ್."

"ಬರ್ತದೆ. ಆದ್ರೆ ನೀನು ಪ್ಲಾನ್ ಬಿಟ್ಟು ಎಲ್ಲೆಲ್ಲೋ ಹೋಗ್ತೀಯ. ಮಧ್ಯೆ ಕನ್ನಡ ಬೇರೆ. ಒಂದು ದಿನ ಸುಮ್ನಿರು, ನನಗೋಸ್ಕರ."

ಪೆಪ್ಪರ್‌ಮಿಂಟ್ ಬಾಯಲ್ಲಿಟ್ಟುಕೊಂಡೇ ತಲೆ ಆಡಿಸಿದಳು. ನನಗೋಸ್ಕರ ಅಂತ ಯಾಕೆ ಅಂದೆನೋ. ಆರ್ಡರ್ ಮಾಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

೧೫ ನವೆಂಬರ್, ಗುರುವಾರ

ಏನು ಬರೆಯಲಿ.

ಎಲ್ಲ ಸಲೀಸಾಗಿ ನಡೆದಿತ್ತು. ಪ್ರಶ್ನೆ ಕೇಳಿದರೆ ಕಾಡಿನ ಹಾಗೆ ಕೈಗಳು. ನಾನು ಹೆಸರು ಕರೆದೆ, ಉತ್ತರ ಬಂತು. ಇನ್‌ಸ್ಪೆಕ್ಟರ್ ಕನ್ನಡಕ ಒರೆಸಿಕೊಂಡು ಎದ್ದರು. "ಈಗ ನಾನೇ ಕರೀತೀನಿ. ಆ ಅಂಬಿಗ ಯಾಕೆ ಕಾಯ್ತಾನೆ? ಯೆಸ್... ಯೂ. ಲಾಸ್ಟ್ ಬೆಂಚ್."

ಎಡಗೈ ಎತ್ತಿ ಕೂತಿದ್ದಳು. ಎದ್ದು ನಿಂತಳು. ನನ್ನ ಮುಖ ನೋಡಿದಳು. ನಾನು ಒಂಚೂರು ತಲೆ ಆಡಿಸಿದ್ದರೆ ಸಾಕಿತ್ತು, ಹೇಳು ಅಂತ. ನಾನು ಬೋರ್ಡ್ ಕಡೆ ತಿರುಗಿ ಒರೆಸಿದ್ದನ್ನೇ ಮತ್ತೆ ಡಸ್ಟರ್‌ನಿಂದ ಒರೆಸತೊಡಗಿದೆ. ಒರೆಸುವಂಥದ್ದು ಏನೂ ಇರಲಿಲ್ಲ.

"ಐ ಡೋಂಟ್ ನೋ ಸಾರ್."

ಇನ್‌ಸ್ಪೆಕ್ಟರ್ ನಕ್ಕರು. "ಕೈ ಎತ್ತಿದ್ಯಲ್ಲಮ್ಮ, ಮತ್ಯಾಕೆ?" ಅವಳು ತಲೆ ತಗ್ಗಿಸಿ ನಿಂತೇ ಇದ್ದಳು. ಕೂತ್ಕೋ ಅಂತಲೂ ಯಾರೂ ಹೇಳಲಿಲ್ಲ. ಬೆಲ್ ಹೊಡೆಯುವ ತನಕ.

೧೭ ನವೆಂಬರ್, ಶನಿವಾರ

ರಿಪೋರ್ಟ್ ಚೆನ್ನಾಗಿದೆಯಂತೆ. ಒಂದೇ ಒಂದು ಮಾತು — ಸ್ಪೆಷಲ್ ಕ್ಲಾಸಿಗೆ ಯೋಗ್ಯತೆ ಇಲ್ಲದ ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಅಂತ.

"ಮುಂದಿನ ವಾರದ ಪ್ಲಾನ್‌ನಲ್ಲಿ ಆ ಹೆಸರು ಬಿಟ್ಬಿಡಿ ವೀರಬಸಪ್ಪನವರೇ. ಬಿ ಸೆಕ್ಷನ್‌ಗೆ ಹೋಗ್ಲಿ" ಅಂದರು ಸಾಹೇಬರು. ಕೇಳಲೂ ಇಲ್ಲ ನನ್ನನ್ನು. ಕೇಳಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ. ಸುಳ್ಳು. ಗೊತ್ತು.

ಬಿಟ್ಟು ಬರೆದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅಂತ ನಮ್ಮಂಥವರನ್ನು ನೋಡಿಯೇ ಗಾದೆ ಕಟ್ಟಿರಬೇಕು.

೨೬ ನವೆಂಬರ್, ಸೋಮ

ಬಿ ಸೆಕ್ಷನ್‌ನಲ್ಲೂ ಇಲ್ಲ. ಕಳೆದ ವಾರ ಪೂರ್ತಿ ಬಂದಿಲ್ಲವಂತೆ. ರಾಗಿ ಕುಯ್ಲು, ಹಳ್ಳಿ ಮಕ್ಕಳು ಹಾಗೇ ಬಿಡಿ ಅಂದರು ಬಿ ಸೆಕ್ಷನ್ ಮೇಷ್ಟ್ರು. ನಾನೂ ಹೌದು ಹೌದು ಅಂದೆ.

ರತ್ನಾಗೆ ಇವತ್ತು ಎಲ್ಲ ಹೇಳಿದೆ. ರೊಟ್ಟಿ ಬಡಿಯುವುದು ನಿಲ್ಲಿಸಿದಳು.

"ಅಲ್ರೀ, ಆ ಹುಡುಗಿ ಬಾಯಿ ಮುಚ್ಚಿಸಿ ನೀವು ನೌಕರಿ ಗಟ್ಟಿ ಮಾಡ್ಕೊಂಡ್ರೇನು?"

"ಹಂಗಲ್ಲ ರತ್ನಾ..."

"ಮತ್ತ ಹೆಂಗ? ಹೋಗಿ ಅವರಪ್ಪಗ ಖರೇ ಹೇಳಿ ಬರ್ರಿ. ಬಾಗಲೂರಿಗೆ ಕೊಟ್ಟ ಮ್ಯಾಲೆ ಹೋಗಿ ಏನ್ ಅಕ್ಷತಿ ಹಾಕ್ತೀರಿ?"

೨ ಡಿಸೆಂಬರ್, ಭಾನುವಾರ

ಹೋಗಿ ಬಂದೆ. ಮನಸ್ಸು ಹಗುರ. ಬೆಳಿಗ್ಗೆ ಅಬ್ಬಿಗೆರೆಗೆ ನಡೆದೆ. ಮನೆ ಮುಂದೆ ಕಣ ಸಾರಿಸಿದ್ದರು. ತಾಯಿ ಸೊಣ್ಣಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಮೇಷ್ಟ್ರು ಮನೆಗೆ ಬಂದರು ಅಂತ ಅವರಿಗೆ ಸಂಭ್ರಮ. ಅದನ್ನು ನೋಡಲು ಆಗಲಿಲ್ಲ.

ಚಿಕ್ಕಮುನಿಯಪ್ಪ ಕುಡುಗೋಲು ಇಟ್ಟು ಬಂದು ಕೂತರು. "ಮಗೀಗೆ ತಲೆಗ್ ಅತ್ತಾಕಿಲ್ವಂತೆ. ಇನ್‌ಸ್ಪೆಟ್ರೇ ಅಂದವ್ರಂತೆ. ದೊಡ್ಡೋರು ಸುಳ್ಳೇಳ್ತಾರಾ?"

ಹೇಳಿಬಿಟ್ಟೆ. ಬಲಗೈ, ಎಡಗೈ, ಎಲ್ಲ. ಕ್ಲಾಸಿಗೇ ಜಾಣೆ ಅವಳು, ಸುಮ್ಮನಿರು ಅಂದವನು ನಾನು ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೀಸೆ ತೀಡಿದರು.

"ಅಂಗಾದ್ರೆ ನಾಳೀಕೆ ನಾನೂ ಮಗೀನ ಕರ್ಕೊಂಡು ಬತ್ತೀನಿ. ಇದ್ನೇ ಎಡ್‌ಮಾಸ್ಟ್ರ ಮುಂದೆ ಏಳಿ. ಅವ್ರು ವಾಪಸ್ ಆ ಕ್ಲಾಸಿಗೇ ಆಕಿದ್ರೆ ಓದ್ಲಿ. ಇಲ್ಲಾಂದ್ರೆ ಶುಕ್ರವಾರ ಬಾಗ್ಲೂರೋರು ಎಲೆ ಅಡಿಕೆ ತತ್ತಾರೆ. ನಾನು ಮಾತು ಕೊಟ್ಬಿಡ್ತೀನಿ."

ಸಾಹೇಬರಿಗೆ ಹೇಳುತ್ತೇನೆ ಅಂತ ಮಾತು ಕೊಟ್ಟೆ. ಮುನಿಯಲ್ಲಮ್ಮ ರಾಗಿ ತೆನೆ ಹರಡುತ್ತಾ ಇದ್ದವಳು ನಿಂತು ನೋಡಿದಳು. ಮುಖದಲ್ಲಿ ಆಸೆ ಇತ್ತು. ಇಲ್ಲ ಅನ್ನಲಾರೆ.

೩ ಡಿಸೆಂಬರ್, ಸೋಮ, ಮಧ್ಯಾಹ್ನ, ಸ್ಟಾಫ್ ರೂಮ್

ಅವರು ಬೆಳಿಗ್ಗೆಯೇ ಬಂದಿದ್ದರು. ಅಪ್ಪ ಒಗೆದ ಪಂಚೆ, ಮಗಳು ಯೂನಿಫಾರಂ. ಸಾಹೇಬರ ರೂಮಿನ ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದೆ.

ಸಾಹೇಬರು ಎದ್ದು ಕೈ ಕುಲುಕಿದರು. "ಬನ್ನಿ ಬನ್ನಿ. ನಾನೇ ಹೇಳಿ ಕಳಿಸೋಣ ಅಂತಿದ್ದೆ. ಆರ್ಡರ್ ಬಂತು ನೋಡಿ." ಕಾಗದ ನನ್ನ ಕಡೆ ತಳ್ಳಿದರು. ನನ್ನ ಹೆಸರು, ಕಮಿಟಿಯ ಸೀಲು. ಪರ್ಮನೆಂಟ್. "ಆ ಇನ್‌ಸ್ಪೆಕ್ಷನ್ ರಿಪೋರ್ಟೇ ಕೆಲಸ ಮಾಡ್ತು. ಅದ್ಸರಿ, ನೀವೇನೋ ಹೇಳ್ಬೇಕು ಅಂತ ಬಂದ ಹಾಗಿತ್ತು?"

ಆ ರಿಪೋರ್ಟೇ ಸುಳ್ಳು ಅನ್ನಬೇಕು ಈಗ. ಅನ್ನಬೇಕಿತ್ತು.

"ಥ್ಯಾಂಕ್ಸ್ ಹೇಳೋಣ ಅಂತ ಬಂದೆ ಸಾರ್" ಅಂದೆ. ಥೂ.

ಹೊರಗೆ ಬಂದೆ. ಆರ್ಡರ್ ಮಡಿಸಿ ಜೇಬಿಗೆ ತುರುಕಿದ್ದೆ. ಚಿಕ್ಕಮುನಿಯಪ್ಪ ಎದ್ದು ನಿಂತರು. "ಏಳಿದ್ರಾ ಮೇಷ್ಟ್ರೇ?"

"ಹೂಂ" ಅಂದೆ.

"ಏನಂದ್ರು?"

"ಅವರು... ಅದೇನಂದ್ರೆ..." ಅಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬಾಗಿಲಿನ ಪಕ್ಕದಲ್ಲೇ ಕೂತಿದ್ದವಳು, ಒಳಗಿನ ಮಾತೆಲ್ಲ ಕೇಳಿಸಿರಬೇಕು. ನಾನು ತಡವರಿಸುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಪ್ಪನ ಕೈ ಹಿಡಿದಳು.

"ನಡಿಯಪ್ಪ. ಮೇಷ್ಟ್ರು ಏಳುದ್ರು, ನಂಗೂ ಕೇಳುಸ್ತು. ಎಡ್‌ಮಾಸ್ಟ್ರೇ ಒಪ್ಲಿಲ್ಲ."

ಅವರಪ್ಪ ನನಗೆ ಕೈ ಮುಗಿದರು. ನಿಮ್ಮ ಉಪಕಾರ ಮರೆಯಾಕಿಲ್ಲ ಅಂದರು. ಗೇಟಿನ ತನಕ ಅವಳು ತಿರುಗಿ ನೋಡಲಿಲ್ಲ.

ಅದೇ ದಿನ, ಸಂಜೆ

ರತ್ನಾ ಆರ್ಡರ್ ನೋಡಿದಳು. ಖುಷಿಪಟ್ಟಳು, ಪಾಪ. ಆಮೇಲೆ ಆ ಹುಡುಗಿದೇನಾತ್ರೀ ಅಂದಳು. ಹೆಡ್‌ಮಾಸ್ಟರ್ ಒಪ್ಪಲಿಲ್ಲ ಅಂದೆ. ಆ ಹುಡುಗಿ ನನಗಾಗಿ ಹೇಳಿದ ಸುಳ್ಳನ್ನೇ ಇವಳಿಗೂ ದಾಟಿಸಿದೆ. ನಂಬಿದಳು.

೬ ಡಿಸೆಂಬರ್, ಗುರುವಾರ, ಸಂಜೆ

ನಾಳೆ ಶುಕ್ರವಾರ. ಬಾಗಲೂರಿನವರು ಬರುವುದು ಬಿಸಿಲೇರಿದ ಮೇಲೆಯೇ ಇರಬೇಕು. ಬೆಳಿಗ್ಗೆ ಬೇಗ ಎದ್ದು ಹೊರಟರೆ... ರಜಾ ಚೀಟಿ ಬರೆದಿಟ್ಟಿದ್ದೇನೆ. ಹೋಗಿ ಕಣದಲ್ಲೇ ನಿಂತು, ಒಪ್ಪದವರು ಸಾಹೇಬರಲ್ಲ, ನಾನು ಬಾಯೇ ಬಿಡಲಿಲ್ಲ, ಅವಳು ನನ್ನ ಮಾನ ಮುಚ್ಚಿದಳು ಅಂತ ಹೇಳಿಬಿಟ್ಟರೆ...

ರತ್ನಾ ಬಂದು ಪಕ್ಕದಲ್ಲಿ ನಿಂತಳು. ಮಾವನವರು ಪೇಢೆ ತಗೊಂಡು ನಾಳೆ ಬೆಳಿಗ್ಗೆ ರೈಲಿಗೆ ಇಳಿಯುತ್ತಾರಂತೆ, ಯಶವಂತಪುರಕ್ಕೆ ಕರೆಯಲು ಹೋಗಬೇಕಂತೆ. ಆಗಲಿ ಅಂದೆ. ರಜಾ ಚೀಟಿ ಹೇಗೂ ಬರೆದಾಗಿದೆ, ಅದು ಸ್ಟೇಷನ್ನಿಗೇ ಆಯಿತು.