ಮುಚ್ಚಳ ತೆಗೆದು ನೋಡಬೇಕಿತ್ತು

ನರ್ಸಿಂಗ್ ಅಪ್ರೆಂಟಿಸ್ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ, ನನ್ನ ತಪ್ಪನ್ನು ನಾನೇ ಬಂದು ಹೇಳಿದ್ದಕ್ಕೆ ನೀವು ನನ್ನನ್ನು ಓದಿನಿಂದ ಹೊರಹಾಕಿದ್ದೀರಿ. ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ, ಉತ್ತರ ಬರಲಿಲ್ಲ. ಕನ್ನಡಕ್ಕೂ ಬರುವುದಿಲ್ಲ ಎಂದು ಗೊತ್ತು. ಈ ಬಹಿರಂಗ ಪತ್ರವನ್ನು ಶಿಕಾಗೊ ಸುತ್ತಲಿನ ನಮ್ಮವರಾದರೂ ಓದಲಿ.

ವಾರ್ಡಿನಲ್ಲಿ ಸಹಾಯಕಿಯಾಗಿ ದುಡಿಯುತ್ತಲೇ ವಾರಕ್ಕೆರಡು ದಿನ ಕಾಲೇಜಿಗೆ ಹೋಗಿ, ನಾಲ್ಕು ವರ್ಷದಲ್ಲಿ ಪದವಿ ಪಡೆದು ನೋಂದಾಯಿತ ನರ್ಸ್ ಆಗುವ ಯೋಜನೆ ನಿಮ್ಮದು. ಒಳ್ಳೆಯ ಯೋಜನೆಯೇ. ಗಂಡನ ವೀಸಾದ ಮೇಲೆ ಎಂಟು ವರ್ಷ ಮನೆಯಲ್ಲಿ ಕೂತಿದ್ದ ನಾನು ನಲವತ್ತೊಂದನೇ ವಯಸ್ಸಿಗೆ ಅದಕ್ಕೆ ಸೇರಿದೆ. ಮಗಳು ಜಾನ್ವಿ ಹೈಸ್ಕೂಲ್ ಪುಸ್ತಕ ಹರಡಿಕೊಂಡ ಮೇಜಿನಲ್ಲೇ ನಾನೂ ಓದಿದೆ. ಉಳಿದಿದ್ದು ಒಂದೇ ಸೆಮಿಸ್ಟರ್.

ಮಾರ್ಚಿನಲ್ಲಿ ನಮ್ಮ ವಾರ್ಡಿಗೆ ಮೈಸೂರಿನ ಕಡೆಯ ಅಜ್ಜಿಯೊಬ್ಬರು ಬಂದರು. ಹೆಸರು ಬದಲಿಸಿದ್ದೇನೆ, ಸುವರ್ಣಮ್ಮ ಎಂದುಕೊಳ್ಳಿ. ನಿಮ್ಮ ಗೋಪ್ಯತೆಯ ನಿಯಮವನ್ನು ನಾನಿನ್ನೂ ಪಾಲಿಸುತ್ತಿದ್ದೇನೆ. ಅವರು ಉಂಡಿದ್ದು ಖಚಿತವಾದ ಮೇಲೇ ಇನ್ಸುಲಿನ್ ಕೊಡಬೇಕಿತ್ತು. ಕನ್ನಡ ಕೇಳಿ ಅವರ ಮುಖ ಅರಳಿತು. "ಊಟ ಆಯ್ತಾ ಅಮ್ಮ?" ಎಂದೆ. "ಆಯ್ತಮ್ಮ, ನಿಂದಾಯ್ತಾ?" ಎಂದರು. ಉಂಡಿದ್ದಾರೆ ಎಂದು ಬರೆದೆ. ನರ್ಸ್ ಇನ್ಸುಲಿನ್ ಕೊಟ್ಟರು.

ನಮ್ಮಲ್ಲಿ ಊಟ ಆಯ್ತಾ ಎಂದು ಬೀದಿಯಲ್ಲಿ ಸಿಕ್ಕವರನ್ನೂ ಕೇಳುತ್ತೇವೆ. ಹಸಿದಿದ್ದವರೂ ಆಯ್ತು ಎನ್ನುತ್ತಾರೆ. ಕನ್ನಡ ಬಾರದ ಬೇರೆ ಯಾರೇ ಆಗಿದ್ದರೂ ಕೇಳಲಾಗದೆ ತಟ್ಟೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಈ ಮಾತಿನ ರೂಢಿ ಹುಟ್ಟಿದಾಗಿನಿಂದ ಗೊತ್ತಿದ್ದ ನಾನು ನೋಡಲಿಲ್ಲ. ಮುಕ್ಕಾಲು ಗಂಟೆಯ ನಂತರ ಅವರು ರಕ್ತದ ಸಕ್ಕರೆ ಕುಸಿದು ಬೆವರಿ ತೊದಲುತ್ತಿದ್ದುದನ್ನು ಮೊದಲು ಕಂಡವಳೂ ನಾನೇ. ನರ್ಸನ್ನು ಕೂಗಿದೆ, ಜ್ಯೂಸ್ ಕುಡಿಸಿದೆವು, ಚೇತರಿಸಿಕೊಂಡರು. ನರ್ಸ್ ಹೋದ ಮೇಲೆ ಮುಚ್ಚಳ ತೆಗೆದರೆ ಊಟ ಹಾಗೇ ಇತ್ತು. "ಕೋಳಿ ವಾಸ್ನೆ ಬಂತು ಕಣಮ್ಮ. ನಿಂಗ್ಯಾಕೆ ತೊಂದ್ರೆ ಅಂತ ಆಯ್ತು ಅಂದ್ಬಿಟ್ಟೆ," ಎಂದರು.

ಆ ತಟ್ಟೆಯನ್ನು ಬೇರೆ ಯಾರೂ ನೋಡಿರಲಿಲ್ಲ. ಕಸದ ಬುಟ್ಟಿ ಎರಡು ಹೆಜ್ಜೆ ದೂರದಲ್ಲಿತ್ತು. "ತಪ್ಪಾದರೆ ನಿರ್ಭಯವಾಗಿ ತಿಳಿಸಿ, ಎಲ್ಲರೂ ಕಲಿಯೋಣ" ಎಂಬ ನಿಮ್ಮ ಫಲಕ ಅದರ ಮೇಲೇ ಇದೆ. ನಾನು ಫಲಕವನ್ನು ನಂಬಿ ನಿಮ್ಮ ಕಚೇರಿಗೆ ಬಂದೆ. ಎಲ್ಲರೂ ಏನು ಕಲಿತರು ಮಾನ್ಯರೇ? ನನ್ನ ಸಹಪಾಠಿಗಳು ಬಾಯಿ ಮುಚ್ಚಿಕೊಂಡಿರುವುದನ್ನು ಚೆನ್ನಾಗಿ ಕಲಿತಿದ್ದಾರೆ. ಜಾನ್ವಿ ಕೇಳಿದಳು: "ಅಮ್ಮಾ, ವೈ ಡಿಡ್ ಯು ಈವನ್ ಟೆಲ್ ದೆಮ್?" ಗ್ಲೆಂಡೇಲ್ ಹೈಟ್ಸ್‌ನ ಮನೆಯಿಂದ ಈಗಲೂ ಅದೇ ದಾರಿಯಲ್ಲಿ ಬಂದು ಅದೇ ವಾರ್ಡಿನಲ್ಲಿ ಹಾಸಿಗೆ ಬದಲಿಸುತ್ತೇನೆ. ಆ ಕೆಲಸಕ್ಕೆ ನಾನು ಅರ್ಹಳೇ ಅಂತೆ.

ಹನ್ನೊಂದು ನಿಮಿಷದ ನಿಮ್ಮ ವಿಚಾರಣೆಗೆ ಸುವರ್ಣಮ್ಮನವರನ್ನು ಕರೆಯಲಿಲ್ಲ. ಬಾಗಿಲಲ್ಲೇ ನೀವು "ಹೌ ಆರ್ ಯು ಟುಡೇ?" ಎಂದಿರಿ. ಹಿಂದಿನ ದಿನದಿಂದ ಒಂದು ತುತ್ತೂ ಇಳಿಯದಿದ್ದ ನಾನು "ಫೈನ್, ಥ್ಯಾಂಕ್ ಯು" ಎಂದೆ. ಅಭ್ಯರ್ಥಿ ಸಮಾಧಾನದಿಂದಿದ್ದರು, ನಿರ್ಧಾರವನ್ನು ಒಪ್ಪಿದರು ಎಂದು ನಿಮ್ಮ ವರದಿಯಲ್ಲಿದೆ. ನಾನು ಏನನ್ನೂ ಒಪ್ಪಿರಲಿಲ್ಲ. ಕೇಳಿದಿರಿ, ಹೇಳಿದೆ, ಬರೆದುಕೊಂಡಿರಿ. ನಾನು ಸುವರ್ಣಮ್ಮನವರಿಗೆ ಮಾಡಿದ್ದೂ ಅಷ್ಟೇ.

ನಾನು ನನ್ನ ತಪ್ಪನ್ನು ಒಪ್ಪಿಕೊಂಡು ಬರೆದು ಕೊಟ್ಟಿದ್ದೇನೆ. ಈಗ ನಿಮ್ಮ ಸರದಿ. ಆ ಒಂದು ಸೆಮಿಸ್ಟರನ್ನು ನನಗೆ ವಾಪಸು ಕೊಡಿ. ಕೊಡಲಾಗದಿದ್ದರೆ ಆ ಫಲಕವನ್ನು ಇಳಿಸಿಬಿಡಿ. ಅದನ್ನು ದಿನಾ ಒರೆಸುವ ಕೆಲಸವೂ ನನ್ನದೇ.

ಇಂತಿ,
ಕೇಳಿದವರಿಗೆಲ್ಲ ಫೈನ್ ಎನ್ನುತ್ತಿರುವ
ಲತಾಶ್ರೀ