ಎದೆಗವುಚಿಕೊಂಡ ಕಡುಬಿನ ಡಬ್ಬಿ

ಸುಮನಾ,

ನಿನ್ನ ಮಗನಿಗೆ ಹಲ್ಲು ಬಂತಂತೆ, ನೋಡಿಕೊಂಡು ಬಾ ಎಂದು ನಿನ್ನೆ ಅವ್ವ ಕಡುಬು ಬೇಯಿಸಿ ಕೊಟ್ಟಳು. ಆರಿದ ಕಡುಬನ್ನು ನೀನು ಮುಟ್ಟುವವಳಲ್ಲ. ಅದಕ್ಕೇ ಸ್ಟೀಲ್ ಡಬ್ಬಿಯನ್ನು ಸೆರಗಿನೊಳಗೆ ಎಡ ಎದೆಗೆ ಅವುಚಿಕೊಂಡು, ಕುಂದೂರಿನಿಂದ ಬಾಳ್ಳುಪೇಟೆಯವರೆಗೂ ಬಸ್ಸಿನಲ್ಲಿ ಕೂತು ಬಂದೆ.

ನಿನ್ನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ನೀನು ಹಾಲೂಡಿಸುತ್ತಾ, "ಅಯ್ಯೋ, ಕಚ್ಬುಟ್ಟ ಕಣವ್ವಾ! ಪ್ರಾಣ ಹೋಗ್ತೈತೆ!" ಎಂದು ನಗುನಗುತ್ತಾ ಕೂಗಿದೆ. ನಾನು ಮತ್ತೆ ಚಪ್ಪಲಿ ಮೆಟ್ಟಿಕೊಂಡು, ಡಬ್ಬಿಯ ಸಮೇತ ವಾಪಸು ಬಂದುಬಿಟ್ಟೆ.

ಮನೆಯಲ್ಲಿ ರವಿಕೆ ಬಿಚ್ಚಿದಾಗ ಅವ್ವ ಹೌಹಾರಿದಳು. "ಏನೇ ಇದು! ಅಂಗೈಯಗಲ ಬೊಬ್ಬೆ ಎದ್ದೈತೆ, ಉರೀಲಿಲ್ವೇನೆ?"

ಉರಿಯಲಿಲ್ಲ. ಹೋದ ವರ್ಷ ಗಡ್ಡೆಯ ಜೊತೆ ಮೊಲೆಯನ್ನೂ ತೆಗೆದು, ಹೊಟ್ಟೆಯ ಮಾಂಸದಿಂದ ಡಾಕ್ಟರು ಹೊಸದು ಕಟ್ಟಿಕೊಟ್ಟರಲ್ಲ, ಅದು ನೋಡಲು ಥೇಟ್ ಮೊದಲಿನಂತೆಯೇ ಇದೆ. ಮುಟ್ಟಿದರೂ ಸುಟ್ಟರೂ ನನಗೆ ತಿಳಿಯುವುದಿಲ್ಲ.

ನಿನ್ನ ಗಂಡನನ್ನು, ಮನೆಯನ್ನು ಕಂಡು ನಾನೆಂದೂ ಕರುಬಿದವಳಲ್ಲ. ಆದರೆ ನಿನ್ನೆ ಆ ಒಂದು 'ಅಯ್ಯೋ'ಗೆ ದಾರಿಯುದ್ದಕ್ಕೂ ಕರುಬಿದೆ.

ಹೇಗೂ ಈ ಕಾಗದ ಅಂಚೆಗೆ ಬೀಳುವುದಿಲ್ಲ, ಕೇಳಿಯೇಬಿಡುತ್ತೇನೆ. ಅವನು ಕಚ್ಚಿದ್ದು ಎಡಗಡೆಯೇನೇ?